ಅತ್ತೆಗೂ ಕುಣಿಯೋ ಆಸೆ: ಟಿವಿ ಡಾನ್ಸ್ ಗೇಮ್ ಮನೆಮಂದಿಯೆಲ್ಲ ಸೇರಿ ಆಡೋದು ಹೇಗೆ?

ಎರಡನೇ_ಮಹಡಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ಅಮೆರಿಕದಿಂದ ನಾದಿನಿ, ಅವರ ಯಜಮಾನರು, ಮಗ ಬಂದಿದ್ದರು. ಬರುವಾಗ ನಿಂಟೆಂಡೋ ಸ್ವಿಚ್ ಅನ್ನೋ, ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆ ತಂದು ನಮ್ಮ ಮನೆಯಲ್ಲೇ ಬಿಟ್ಟುಹೋದರು. ಅದರಲ್ಲಿ ಜಸ್ಟ್ ಡಾನ್ಸ್ ಆಟ ಇದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಟಿವಿಯಲ್ಲಿ ಒಬ್ಬರು ಕುಣಿಯುತ್ತಿರುತ್ತಾರೆ, ನಾವು ಕೈಯಲ್ಲಿ ಚಿಕ್ಕ ರಿಮೋಟ್ ಹಿಡಿದು ಅವರನ್ನು ನೋಡಿಕೊಂಡು ಹಾಗೇ ಕುಣಿಯಬೇಕು. ಹೊಂದಿದರೆ ಅಂಕ.

ಮೊದಲ ರಾತ್ರಿಯೇ ಜಗಳ. ನಾದಿನಿಯ ಮಗನಿಗೆ 9 ವರ್ಷ. ಸೋಫಾ ಮೇಲೆ ಕೂತೇ ಕೈ ಆಡಿಸಿದ, 5 ಸ್ಟಾರ್ ಬಂತು. ನನ್ನ ಮಗಳು 6 ವರ್ಷದಿಂದ ಭರತನಾಟ್ಯ ಕಲಿಯುತ್ತಿದ್ದಾಳೆ. ಅವಳು ಬೆವರು ಸುರಿಸಿ ಕುಣಿದರೆ 3 ಸ್ಟಾರ್. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಆದರೆ ನಾನು ಬರೆಯುತ್ತಿರುವುದು ಅದಕ್ಕಲ್ಲ. ನಮ್ಮ ಅತ್ತೆಗೆ 68. ಮೂರು ದಿನ ಅಡುಗೆಮನೆ ಬಾಗಿಲಲ್ಲಿ ನಿಂತು ಸುಮ್ನೆ ನೋಡಿದರು. ನಾಲ್ಕನೇ ದಿನ ಗಂಡಸರೆಲ್ಲ ಹೊರಗೆ ಹೋಗಿದ್ದಾಗ ಮೆಲ್ಲಗೆ ಬಂದು "ಆ ಕಡ್ಡಿ ನನಗೂ ಒಂದ್ಸಲ ಕೊಡಮ್ಮ" ಅಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಎರಡು ಹಾಡು ಪೂರ್ತಿ ಕುಣಿದರು. ಮದುವೆಯಾಗಿ 16 ವರ್ಷದಲ್ಲಿ ಅವರ ಮುಖ ಹಾಗೆ ಅರಳಿದ್ದನ್ನು ನಾನು ನೋಡೇ ಇರಲಿಲ್ಲ. ಕೆಳಗೆ ಮಾವನವರ ಸ್ಕೂಟರ್ ಸದ್ದು ಕೇಳಿದ್ದೇ ತಡ, ರಿಮೋಟ್ ಟೀಪಾಯಿ ಮೇಲಿಟ್ಟು ಒಳಗೆ ಹೋಗಿ ಕುಕ್ಕರ್ ತೊಳೆಯೋಕೆ ನಿಂತರು.

ಈಗ ದಿನಾ ಬೆಳಗ್ಗೆ "ಇವತ್ತು ಅವರು ಎಷ್ಟೊತ್ತಿಗೆ ಹೊರಗೆ ಹೋಗ್ತಾರೆ?" ಅಂತ ಕೇಳುತ್ತಾರೆ. ಮಂಡಿನೋವು ಬೇರೆ ಇದೆ. ಕೆಳಗಿನ ಮನೆಯವರು ಸದ್ದು ಜಾಸ್ತಿ ಅಂತ ಒಂದು ಸಲ ಹೇಳಿಯೂ ಆಗಿದೆ. ಅತ್ತೆ ಧೈರ್ಯವಾಗಿ, ಎಲ್ಲರ ಜೊತೆ, ಮಂಡಿಗೆ ಪೆಟ್ಟಾಗದ ಹಾಗೆ ಆಡಬೇಕು. ಆಡಿದ ಅನುಭವ ಇರುವವರು ಹೇಳಿ.

ಕೊಬ್ಬರಿ_ಮಿಠಾಯಿ

ಅಕ್ಕಾ, ಸ್ಕೂಟರ್ ಸದ್ದು ಓದಿ ಹೊಟ್ಟೆ ಚುರ್ ಅಂತು. ನಮ್ಮಮ್ಮನೂ ಹೀಗೇ.

ಸಂಪಿಗೆ_ಸರ್ಕ್ಯೂಟ್ (ಮೈಸೂರು)

ಮೊದಲು ಮಗಳ ಅಳುವಿಗೆ ಉತ್ತರ ಕೊಡುತ್ತೇನೆ, ಯಾಕೆಂದರೆ ಅವಳ ತಪ್ಪೇನೂ ಇಲ್ಲ.

ಆ ಚಿಕ್ಕ ರಿಮೋಟಿಗೆ ಜಾಯ್‌ಕಾನ್ ಅನ್ನುತ್ತಾರೆ. ಈ ಆಟದಲ್ಲಿ ಅದು ನಿಮ್ಮನ್ನು ನೋಡುತ್ತಿಲ್ಲ. ಅದರೊಳಗಿನ ಸೆನ್ಸರ್‌ಗಳು ಎರಡೇ ಕೆಲಸ ಮಾಡುತ್ತವೆ: ಕೈ ಎಷ್ಟು ಜೋರಾಗಿ, ಯಾವ ಕಡೆಗೆ ಬೀಸಿತು ಅಂತ ಒಂದು ಅಳೆಯುತ್ತದೆ, ಕೈ ಎಷ್ಟು ತಿರುಗಿತು ಅಂತ ಇನ್ನೊಂದು. ಕಾಲು ಎಲ್ಲಿದೆ, ಸೊಂಟ ಬಾಗಿತಾ, ಕಣ್ಣು ಎತ್ತ ನೋಡುತ್ತಿದೆ, ಇದೊಂದೂ ಅದಕ್ಕೆ ಗೊತ್ತಾಗೋದಿಲ್ಲ. ರಿಮೋಟ್ ಹಿಡಿದ ಒಂದು ಕೈ ಮಾತ್ರ ಅದರ ಪ್ರಪಂಚ. ಟಿವಿಯಲ್ಲಿ ಕುಣಿಯುವವರ ಒಂದು ಕೈಗೆ ಬಣ್ಣದ ಗ್ಲೌಸ್ ಇರುತ್ತದೆ, ಗಮನಿಸಿದ್ದೀರಾ? ಅದು ಅಲಂಕಾರಕ್ಕಲ್ಲ. ಅಂಕ ಇರೋದು ಆ ಕೈಗೆ. ಕನ್ನಡಿಯಲ್ಲಿ ನೋಡಿದ ಹಾಗೆ ಅದು ನಮ್ಮ ಬಲಗೈ.

ಭರತನಾಟ್ಯದಲ್ಲಿ ಮಂಡಿ ಬಗ್ಗಿಸಿ ಅರಮಂಡಿ ಕೂತು ಅಡವು, ಅಂದರೆ ಹೆಜ್ಜೆ, ಹಾಕುವಾಗ ಅರ್ಧ ಕೆಲಸ ಕಾಲಿನದು. ಕೈ ಒಂದು ಜಾಗಕ್ಕೆ ಹೋಗಿ ಗಟ್ಟಿಯಾಗಿ ನಿಲ್ಲುತ್ತದೆ. ರಿಮೋಟ್ ಮುಷ್ಟಿಯಲ್ಲಿದ್ದರೆ ಬೆರಳು ಚಾಚಿ ಪತಾಕ ಹಸ್ತ ಹಿಡಿಯೋಕೂ ಆಗೋದಿಲ್ಲ. ಈ ಆಟಕ್ಕೆ ಬೇಕಿರುವುದು ತಾಳಕ್ಕೆ ಸರಿಯಾಗಿ ದೊಡ್ಡದಾಗಿ ಬೀಸುವ ಕೈ. ಬಲಗೈ ಸ್ವಲ್ಪ ಅಗಲವಾಗಿ ಬೀಸು ಅಂತ ಹೇಳಿ ನೋಡಿ, ಎರಡೇ ದಿನದಲ್ಲಿ 5 ಸ್ಟಾರ್ ದಾಟುತ್ತಾಳೆ.

ಗೆಜ್ಜೆ_ಕಟ್ಟಿದವಳು (ಶಿವಮೊಗ್ಗ)

ಇದಕ್ಕೇ ನಾನು ಇದನ್ನು ಡಾನ್ಸ್ ಅನ್ನೋದಿಲ್ಲ. 20 ವರ್ಷದಿಂದ ಮಕ್ಕಳಿಗೆ ನೃತ್ಯ ಹೇಳಿಕೊಡುತ್ತಿದ್ದೇನೆ. ಕಾಲು ಲೆಕ್ಕಕ್ಕೇ ಇಲ್ಲದ ಕುಣಿತ ಎಲ್ಲಾದರೂ ಉಂಟಾ? 6 ವರ್ಷ ಕಲಿತ ಹುಡುಗಿಗೆ ಒಂದು ಪೆಟ್ಟಿಗೆ 3 ಸ್ಟಾರ್ ಕೊಟ್ಟು ಅಳಿಸುತ್ತದೆ ಅಂದರೆ ಅದನ್ನು ಮುಚ್ಚಿಡಿ. ಮಕ್ಕಳ ಮನಸ್ಸಲ್ಲಿ ಇದು ಉಳಿದುಬಿಡುತ್ತದೆ.

ರಾಗಿಮುದ್ದೆ_ರಾತ್ರಿ

ಮೇಡಂ, ಮುಚ್ಚಿಟ್ಟರೆ ಅತ್ತೆಯವರ ಗತಿ?

ಬಳ್ಳಾರಿ_ಬಿಸಿಲು

ಕಾಲು ನೋಡುವ ಆಟವೂ ಇದೆ ಮೇಡಂ. 2010ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಗೇಮ್ ಪೆಟ್ಟಿಗೆ ಎಕ್ಸ್‌ಬಾಕ್ಸ್ 360ಗೆ ಕಿನೆಕ್ಟ್ ಬಂತು. ಅದು ಕ್ಯಾಮೆರಾ. ಕೈಯಲ್ಲಿ ಏನೂ ಹಿಡಿಯೋ ಹಾಗಿಲ್ಲ. ಇನ್‌ಫ್ರಾರೆಡ್ ಬೆಳಕು ಬಿಟ್ಟು ನೀವು ಎಷ್ಟು ದೂರದಲ್ಲಿದ್ದೀರಿ, ಭುಜ ಎಲ್ಲಿ, ಮಂಡಿ ಎಲ್ಲಿ ಅಂತ ಗುರುತು ಹಿಡಿಯುತ್ತದೆ. ಅದರ ಜೊತೆಗೇ ಹಾರ್ಮೊನಿಕ್ಸ್ ಕಂಪನಿಯವರ ಡಾನ್ಸ್ ಸೆಂಟ್ರಲ್ ಆಟ ಬಂತು. ಅದರಲ್ಲಿ ಸೋಫಾ ಮೇಲೆ ಕೂತು ಗೆಲ್ಲೋಕೆ ಆಗೋದಿಲ್ಲ. ಎಡಗಾಲು ತಪ್ಪಿದರೆ ಟಿವಿಯಲ್ಲಿ ಎಡಗಾಲೇ ಕೆಂಪಾಗುತ್ತದೆ. ನನ್ನ ತಮ್ಮನ ಮನೆಯಲ್ಲಿ ಈಗಲೂ ಇದೆ, ಹಬ್ಬ ಬಂದರೆ ಹೊರಗೆ ತೆಗೆಯುತ್ತೇವೆ.

ಸಂಪಿಗೆ_ಸರ್ಕ್ಯೂಟ್

ನಿಜ, ಆದರೆ ಹೊಸದಾಗಿ ಸಿಗೋದಿಲ್ಲ. ಕಿನೆಕ್ಟ್ ತಯಾರಿಕೆ 2017ರಲ್ಲೇ ನಿಂತಿತು. ಜೊತೆಗೆ ಒಬ್ಬರಿಗೆ 6 ಅಡಿ, ಇಬ್ಬರಿಗೆ 8 ಅಡಿ ದೂರ ಬೇಕು. ನಮ್ಮ ಹಾಲ್‌ಗಳಲ್ಲಿ ದಿವಾನ್ ಎತ್ತಿಡದೆ ಅಷ್ಟು ಜಾಗ ಎಲ್ಲಿ ಬರುತ್ತದೆ?

ಬಳ್ಳಾರಿ_ಬಿಸಿಲು

ಎತ್ತಿಡುತ್ತೇವೆ ಸರ್! ಹಬ್ಬದ ದಿನ ದಿವಾನ್ ವರಾಂಡಾಗೆ ಹೋಗೋದು ನಮ್ಮ ಮನೆಯ ಪದ್ಧತಿ. ಒಂದೇ ತೊಂದರೆ, ನಮ್ಮಮ್ಮ ಸೀರೆಯಲ್ಲಿ ನಿಂತರೆ ಎರಡು ಕಾಲು ಬೇರೆ ಬೇರೆ ಅಂತ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಚೂಡಿದಾರ್ ಹಾಕಿದ ಮೇಲೆ ಸರಿಹೋಯಿತು. ನಮ್ಮಮ್ಮ ಜೀವನದಲ್ಲಿ ಮೊದಲ ಸಲ ಚೂಡಿದಾರ್ ಹಾಕಿದ್ದು ಆಗ. ಆಮೇಲೆ ಬಿಡಲೇ ಇಲ್ಲ.

ಪಡುವಣ_ಗಾಳಿ (ಮಂಗಳೂರು)

ಸೋಫಾ ಮೇಲೆ ಕೂತು ಆಡುವುದನ್ನು ಎಲ್ಲರೂ ಮೋಸ ಅಂತಿದ್ದೀರಿ. ಸ್ವಲ್ಪ ನಿಲ್ಲಿ ಮಾರಾಯ್ರೆ, ನಮ್ಮ ಮನೆಯ ಕಥೆ ಕೇಳಿ.

ನನ್ನ ಅಪ್ಪನಿಗೆ ಪಾರ್ಶ್ವವಾಯು ಆಗಿ ಎಡಭಾಗ ಬಿದ್ದುಹೋಯಿತು. ಊರಿನ ಯಕ್ಷಗಾನ ಆಟ ಒಂದನ್ನೂ ಬಿಡದ ಮನುಷ್ಯ, ಒಂದೂವರೆ ವರ್ಷ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ವ್ಯಾಯಾಮ ಅಂದರೆ ಕೈ ಎತ್ತುತ್ತಿರಲಿಲ್ಲ. ನನ್ನ ಅಕ್ಕನ ಮಗ ನಿಂಟೆಂಡೋದವರ ಹಳೇ ಗೇಮ್ ಪೆಟ್ಟಿಗೆ ವೀ ತಂದು ಹಾಕಿದ. ಅಪ್ಪನನ್ನು ಕೈಹಿಡಿ ಇರುವ ಕುರ್ಚಿಯಲ್ಲಿ ಕೂರಿಸಿ ಬಲಗೈಗೆ ರಿಮೋಟ್ ಕೊಟ್ಟ. ಮೊದಲ ದಿನ ಕೊಟ್ಟಿದ್ದನ್ನು ಹಿಡಿದುಕೊಂಡು ಕೂತರು, ಅಷ್ಟೇ. ಎರಡನೇ ದಿನ ಮಣಿಕಟ್ಟು ಆಡಿತು. ಒಂದು ವಾರಕ್ಕೆ ನನ್ನ ಅಳಿಯನನ್ನು ಸೋಲಿಸಿದರು. ಸೋತ ಹುಡುಗ ನಿಂತು ಕುಣಿದಿದ್ದ, ಗೆದ್ದ ಅಪ್ಪ ಕೂತಿದ್ದರು. ಅವತ್ತು ಅಪ್ಪ ನಕ್ಕಿದ್ದು ಪಕ್ಕದ ಮನೆಗೆ ಕೇಳಿಸಿತು. ವ್ಯಾಯಾಮಕ್ಕೆ ಬರುತ್ತಿದ್ದ ಫಿಸಿಯೋ ಹುಡುಗ ನೋಡಿ, ನಿಧಾನದ ಹಾಡು ಮಾತ್ರ ಹಾಕಿ, ಭುಜ ನೋವು ಬಂದರೆ ನಿಲ್ಲಿಸಿ ಅಂತ ಹೇಳಿದ. ಆಮೇಲೆ ಎಡಗೈ ವ್ಯಾಯಾಮಕ್ಕೂ ಒಪ್ಪಿದರು.

ಕಾಲು ನೋಡದ ಆಟ ಆಗಿದ್ದರಿಂದಲೇ ಅವರು ಆಡಿದರು. ಹಾಗಾಗಿ ಅತ್ತೆಯವರಿಗೂ ಕುರ್ಚಿ ಹಾಕಿ ಅಕ್ಕ. ಮಂಡಿನೋವು ಇದ್ದ ದಿನ ಕೂತು, ಇಲ್ಲದ ದಿನ ನಿಂತು.

ಗೆಜ್ಜೆ_ಕಟ್ಟಿದವಳು

ಪಡುವಣ ಅವರೇ, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗಲಿಲ್ಲ. ಮುಚ್ಚಿಡಿ ಅಂದಿದ್ದನ್ನು ವಾಪಸ್ ತಗೊಳ್ಳುತ್ತೇನೆ. ಆದರೆ ಮಕ್ಕಳಿಗೆ ಸ್ಟಾರ್ ಅಳತೆಗೋಲು ಆಗಬಾರದು, ಆ ಮಾತು ಮಾತ್ರ ಬಿಡುವುದಿಲ್ಲ.

ಹುಬ್ಬಳ್ಳಿ_ಗಿರಮಿಟ್

ಸ್ಟಾರ್ ಲೆಕ್ಕ ಹೀಗದ ರೀ: ಒಂದು ಹಾಡಿಗೆ ಹೆಚ್ಚಂದ್ರ 13,333 ಅಂಕ. 10,000 ದಾಟಿದ್ರ 5 ಸ್ಟಾರ್. 12,000ಕ್ಕ ಮೆಗಾಸ್ಟಾರ್. ನಮ್ಮನಿಯಾಗ ಒಬ್ಬೊಬ್ಬರ ಅಂಕ ಓದೋದೇ ಬಂದ್ ಮಾಡೇವಿ. ಜೋಡಿ ಮಾಡಿ ಇಬ್ಬರದೂ ಕೂಡಿಸ್ತೀವಿ. ಅಜ್ಜಿ ಮತ್ತ ಮೊಮ್ಮಗ ಒಂದು ಜೋಡಿ, ಅವ್ವ ಮತ್ತ ಅಳಿಯ ಒಂದು ಜೋಡಿ. ಮೊಮ್ಮಗನೇ ಅಜ್ಜಿಗೆ "ಕೈ ಮ್ಯಾಲ, ಕೈ ಮ್ಯಾಲ" ಅಂತ ಹೇಳಿಕೊಡ್ತಾನ.

ಎರಡನೇ_ಮಹಡಿ

ಜೋಡಿ ಲೆಕ್ಕ ತುಂಬಾ ಚೆನ್ನಾಗಿದೆ! ಇವತ್ತೇ ಮಾಡುತ್ತೇವೆ. ಗ್ಲೌಸ್ ವಿಷಯ ಮಗಳಿಗೆ ಹೇಳಿದೆ, "ಮೊದಲೇ ಯಾಕೆ ಯಾರೂ ಹೇಳಲಿಲ್ಲ" ಅಂತ ರಿಮೋಟ್ ಕಿತ್ತುಕೊಂಡಳು. 10,400 ಬಂತು.

ಇನ್ನೊಂದು ಪ್ರಶ್ನೆ. ಜಾಯ್‌ಕಾನ್ ಇರೋದು ಎರಡೇ. ಜನ ಜಾಸ್ತಿ ಇದ್ದರೆ?

ಕೊಬ್ಬರಿ_ಮಿಠಾಯಿ

ಫೋನ್ ಸಾಕು ಅಕ್ಕ. ಜಸ್ಟ್ ಡಾನ್ಸ್‌ನವರದೇ ಕಂಟ್ರೋಲರ್ ಆ್ಯಪ್ ಇದೆ. ಫೋನ್ ಬಲಗೈಯಲ್ಲಿ ಹಿಡಿದು ಕುಣಿಯೋದು. 2022ರ ನವೆಂಬರ್‌ನಲ್ಲಿ ಬಂದ 2023ರ ಆವೃತ್ತಿಯಲ್ಲಿ 6 ಜನರವರೆಗೆ ಒಟ್ಟಿಗೆ ಆಡಬಹುದು. ಎಲ್ಲಾ ಒಂದೇ ವೈಫೈಯಲ್ಲಿರಲಿ.

ಡಬಲ್_ಬೆಡ್ಶೀಟ್

ಅತ್ತೆ ಕೈಗೆ ಮಾತ್ರ ಫೋನ್ ಕೊಡಬೇಡಿ. ಬೆವರಿದ ಕೈಯಿಂದ ಜಾರುತ್ತದೆ. ನಮ್ಮ ಭಾವನ ಫೋನ್ ಹಾರಿ ಶೋಕೇಸ್ ಗಾಜು ಒಡೆಯಿತು. ಅದರಲ್ಲಿ ಅಕ್ಕನ ಮದುವೆಯ ಬೆಳ್ಳಿ ಆನೆ ಇತ್ತು, ಅದರ ಸೊಂಡಿಲು ಬಾಗಿದೆ, ಇವತ್ತಿಗೂ ಹಾಗೇ ಇದೆ.

ಜರ್ಸಿ_ಜೋಳದರೊಟ್ಟಿ (ನ್ಯೂಜೆರ್ಸಿ)

ಮಣಿಕಟ್ಟಿಗೆ ದಾರ ಹಾಕೋದು ಯಾರೂ ಮರೆಯಬೇಡಿ. 2006ರಲ್ಲಿ ವೀ ಬಂದಾಗ ದಾರ ಕಿತ್ತು ರಿಮೋಟ್ ಟಿವಿಗೆ ಬಡಿದ ಪ್ರಕರಣಗಳಾಗಿ, ಅದೇ ಡಿಸೆಂಬರ್‌ನಲ್ಲಿ ನಿಂಟೆಂಡೋ ದಪ್ಪ ದಾರ ಬದಲಾಯಿಸಿ ಕೊಟ್ಟಿತು. ಮರುವರ್ಷ ರಿಮೋಟಿಗೆ ಮೆತ್ತನೆಯ ರಬ್ಬರ್ ಕವಚವನ್ನೂ ಕೊಟ್ಟರು. ಜಾಯ್‌ಕಾನ್ ಜೊತೆಗೂ ದಾರದ ಪಟ್ಟಿ ಬರುತ್ತದೆ, ಡಬ್ಬದಲ್ಲಿ ಹುಡುಕಿ. ಅತ್ತೆಯವರು ಬಳೆ ಹಾಕಿದ್ದರೆ ದಾರ ಬಳೆಯ ಕೆಳಗೆ, ಅಂಗೈ ಕಡೆ ಬರಲಿ. ಮೇಲೆ ಹಾಕಿದರೆ ಗಾಜಿನ ಬಳೆ ಒಡೆದು ಕೈಗೆ ಚುಚ್ಚುತ್ತದೆ.

ಇದು ಆಟ ಅಷ್ಟೇ, ವ್ಯಾಯಾಮ ಅಲ್ಲ ಅನ್ನುವವರಿಗೆ: ಜಪಾನಿನ ಕೊನಾಮಿ 1998ರಲ್ಲಿ ತಂದ ಡಾನ್ಸ್ ಡಾನ್ಸ್ ರೆವಲ್ಯೂಷನ್ ಕೇಳಿದ್ದೀರಲ್ಲ, ನಾಲ್ಕು ಬಾಣದ ಗುರುತು ತುಳಿಯೋದು. ಅದನ್ನು ಇಲ್ಲಿನ ವೆಸ್ಟ್ ವರ್ಜೀನಿಯಾ ರಾಜ್ಯ 2006ರಲ್ಲಿ ಶಾಲೆಗಳ ವ್ಯಾಯಾಮದ ಪೀರಿಯಡ್‌ಗೆ ತಂದಿತು. ಗೆಜ್ಜೆ ಮೇಡಂ, ಅದು ಪೂರ್ತಿ ಕಾಲಿನ ಆಟ!

ಗೆಜ್ಜೆ_ಕಟ್ಟಿದವಳು

ಕೈ ಇಲ್ಲದ ಕುಣಿತ ಒಂದು, ಕಾಲಿಲ್ಲದ ಕುಣಿತ ಒಂದು. ಎರಡೂ ಸೇರಿಸಿ ಆಡಿಸಿ, ಆಗ ನಾನೂ ಬರುತ್ತೇನೆ.

ರಾಗಿಮುದ್ದೆ_ರಾತ್ರಿ

ಜಸ್ಟ್ ಡಾನ್ಸ್ 2023ರ ಒಲಿಂಪಿಕ್ ಇ-ಸ್ಪೋರ್ಟ್ಸ್ (ವಿಡಿಯೋ ಗೇಮ್ ಸ್ಪರ್ಧೆ) ಸರಣಿಯಲ್ಲೂ ಇತ್ತು. ಫೈನಲ್ ಸಿಂಗಾಪುರದಲ್ಲಿ ನಡೆಯಿತು.

ಕೆಳಗಿನ_ಮನೆ

ನಾನು ಇಂಥ ಮನೆಯೊಂದರ ಕೆಳಗೆ ಇರುವವನು. ನಮ್ಮ ಕಡೆಯದೂ ಒಂದು ಮಾತು ಕೇಳಿ. ಹಾಡು ನಮಗೆ ಕೇಳಿಸುವುದೇ ಇಲ್ಲ. ಕೇಳಿಸುವುದು ಧಬ್ ಧಬ್ ಮಾತ್ರ. ಯಾವಾಗ ಬೀಳುತ್ತದೆ ಗೊತ್ತಿರುವುದಿಲ್ಲ, ಅದೇ ಕಷ್ಟ. ನನ್ನ ತಾಯಿಗೆ ರಾತ್ರಿ ನಿದ್ದೆ ಬಾರದು, ಸ್ವಲ್ಪ ಕಣ್ಣು ಹತ್ತಿದಾಗ ಮೇಲೆ ಯಾರೋ ಹಾರುತ್ತಾರೆ.

ತೆಳ್ಳಗಿನ ಯೋಗ ಮ್ಯಾಟ್‌ನಿಂದ ಏನೂ ಆಗೋದಿಲ್ಲ. ಟೈಲ್ಸ್ ಮೇಲೆ ಜಾರಿ ಬೀಳೋದು ಬೇರೆ. ಮಕ್ಕಳ ರೂಮಿಗೆ ಹಾಕುವ, ಒಂದಕ್ಕೊಂದು ಸಿಕ್ಕಿಸುವ ದಪ್ಪ ಫೋಮ್ ತುಂಡುಗಳನ್ನು ಹಾಸಿ. ಬರಿಗಾಲಲ್ಲಿ ಆಡಿ. ಮುಖ್ಯವಾಗಿ ಕೆಳಗೆ ಬಂದು "ಸಂಜೆ 6ರಿಂದ 7 ಆಡುತ್ತೇವೆ" ಅಂತ ಹೇಳಿ ಹೋಗಿ. ಸಮಯ ಗೊತ್ತಿದ್ದರೆ ಅರ್ಧ ಸಿಟ್ಟು ಇಳಿಯುತ್ತದೆ. ನಮ್ಮ ಮೇಲಿನವರು ಮೂರು ವರ್ಷದಲ್ಲಿ ಒಂದು ಸಲವೂ ಬಂದಿಲ್ಲ.

ಎರಡನೇ_ಮಹಡಿ

ಕ್ಷಮಿಸಿ, ನಾನೂ ಹೋಗಿ ಹೇಳಿರಲಿಲ್ಲ. ನಾಳೆ ಹೋಗುತ್ತೇನೆ. ಭಾನುವಾರ ಅತ್ತೆಯನ್ನೂ ಸೇರಿಸಿ ಎಲ್ಲರೂ ಆಡಿ ನೋಡುತ್ತೇವೆ.

ಡಬಲ್_ಬೆಡ್ಶೀಟ್

ಜಮಖಾನ ಹಾಸೋದೂ ಬೇಡ. ಕಾಲಿಗೆ ಸುತ್ತಿಕೊಳ್ಳುತ್ತದೆ.

ಸಂಪಿಗೆ_ಸರ್ಕ್ಯೂಟ್

ಒಂದು ಮಾತು ಬಿಟ್ಟುಹೋಗಿತ್ತು. ಹಾಡು ಬ್ಲೂಟೂತ್ ಸ್ಪೀಕರ್‌ನಲ್ಲಿ ಬರುತ್ತಿದೆಯಾ? ಹಾಗಿದ್ದರೆ ತೆಗೆದುಬಿಡಿ. ಬ್ಲೂಟೂತ್‌ನಲ್ಲಿ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಕಿವಿಗೆ ಕೇಳಿದ ತಾಳಕ್ಕೆ ಕೈ ಬೀಸಿದರೆ ಆಟದ ಲೆಕ್ಕದಲ್ಲಿ ನೀವು ತಡ. ತಾಳಜ್ಞಾನ ಇರುವವರಿಗೇ ಇದರಿಂದ ಜಾಸ್ತಿ ನಷ್ಟ, ಅವರು ಕಿವಿ ನಂಬುತ್ತಾರಲ್ಲ. ಟಿವಿಯದೇ ಸ್ಪೀಕರ್ ಇರಲಿ, ಚಿತ್ರವೂ ತಡವಾಗದ ಹಾಗೆ ಟಿವಿ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿ.

ಎರಡನೇ_ಮಹಡಿ

ಅಯ್ಯೋ, ಬ್ಲೂಟೂತ್ ಸೌಂಡ್‌ಬಾರೇ ಇದ್ದದ್ದು!

ಕಾಫಿ_ಬಟ್ಟಲು

ಇದರಲ್ಲಿ ಕನ್ನಡ ಹಾಡು ಇದೆಯಾ? ನಾನು ಆಡಿದ ಆವೃತ್ತಿಗಳಲ್ಲಿ ಒಂದೂ ಸಿಗಲಿಲ್ಲ. ನಮ್ಮ ಅಜ್ಜಿಗೆ ಆ ಇಂಗ್ಲಿಷ್ ಹಾಡು ತಲೆಗೆ ಹತ್ತೋದಿಲ್ಲ.

ಹುಬ್ಬಳ್ಳಿ_ಗಿರಮಿಟ್

ನಮ್ಮ ಅಜ್ಜಿಗೆ ಮಾತು ಬೇಕಾಗಿಲ್ಲ, ಬಡಿತ ಸಾಕು. ಕಿವಿ ಮಂದ, ಸ್ಪೀಕರ್ ಹತ್ತಿರ ನಿಲ್ಲತಾಳ.

ಕಾಫಿ_ಬಟ್ಟಲು

ಆದರೂ ಯೂಟ್ಯೂಬ್‌ನಲ್ಲಿ ನಮ್ಮ ಹಾಡು ಹಾಕಿ ಕುಣಿದರೆ ಸಾಲದಾ? ಇಷ್ಟು ದುಡ್ಡು, ರಿಮೋಟ್, ಅಂಕ ಎಲ್ಲಾ ಯಾಕೆ?

ಜೋಕಾಲಿ (ಬಾಗಲಕೋಟೆ)

ಯಾಕೆ ಅಂತ ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ನಾವು ಸಣ್ಣವರಿದ್ದಾಗ ಪಂಚಮಿಗೆ ಜೋಕಾಲಿ ಕಟ್ಟುತ್ತಿದ್ದರು. ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಿದ್ದರು. ಸಂಜೆ ಅಂಗಳದಲ್ಲಿ ಫುಗಡಿ. ಇಬ್ಬರು ಎದುರುಬದುರು ನಿಂತು, ಕೈ ಕತ್ತರಿ ಹಾಕಿ ಹಿಡಿದು, ಹಿಂದಕ್ಕೆ ಬಾಗಿ ಗರಗರ ತಿರುಗೋದು. ನನ್ನ ಅವ್ವನ ಹಾಗೆ ತಿರುಗುವವರು ಓಣಿಯಲ್ಲೇ ಇರಲಿಲ್ಲ. ಜಡೆ ಗಾಳಿಯಲ್ಲಿ ಅಡ್ಡ ನಿಲ್ಲುತ್ತಿತ್ತು. ನಮ್ಮ ಸೋದರತ್ತೆ ಹೇಳಿದ್ದು ಇದು, ನಾನು ನೋಡಿದ್ದಲ್ಲ. ಯಾಕೆಂದರೆ ನಾನು ಹುಟ್ಟುವಷ್ಟರಲ್ಲಿ ಅವ್ವ ಕುಣಿಯೋದು ನಿಲ್ಲಿಸಿದ್ದಳು. ಯಾರೂ ಬೇಡ ಅಂದಿರಲಿಲ್ಲ. ಸೊಸೆ ಆದಮೇಲೆ ಯಾರೂ ಕುಣಿ ಅನ್ನಲೂ ಇಲ್ಲ, ಅಷ್ಟೇ.

ಹಾಡು ಹಾಕಿ "ಅವ್ವಾ ಕುಣಿ" ಅಂತ ನಾವು ಎಷ್ಟೋ ಸಲ ಹೇಳಿದ್ದೇವೆ. ನಾಚಿ ಒಳಗೆ ಹೋಗುತ್ತಿದ್ದಳು. ಎಲ್ಲರೂ ತನ್ನನ್ನೇ ನೋಡುತ್ತಾರಲ್ಲ ಅಂತ. ಈ ಆಟದಲ್ಲಿ ಯಾರೂ ಅವಳನ್ನು ನೋಡುವುದಿಲ್ಲ. ಎಲ್ಲರ ಕಣ್ಣು ಟಿವಿ ಮೇಲೆ. ನಾಲ್ಕು ಜನ ಒಂದೇ ಕಡೆ ಮುಖ ಮಾಡಿ ನಿಂತಿರುತ್ತಾರೆ. ಯಾರಾದರೂ ಕೇಳಿದರೆ "ಹುಡುಗರ ಜೋಡಿ ಆಟ ಆಡ್ಲಿಕ್ಹತ್ತೀನಿ" ಅಂತ ಹೇಳಬಹುದು. ಕುಣಿಯುತ್ತಿದ್ದೇನೆ ಅನ್ನಬೇಕಾಗಿಲ್ಲ. ಹೋದ ವರ್ಷ ಪಂಚಮಿಗೆ ನನ್ನ ಅವ್ವ, 71 ವರ್ಷ, ನನ್ನ ಪಕ್ಕ ನಿಂತು ಆಡಿದಳು. ಹಾಡು ಮುಗಿದಮೇಲೆ ಟಿವಿ ಬಿಟ್ಟು ನನ್ನ ಎರಡೂ ಕೈ ಹಿಡಿದು ಒಂದು ಸುತ್ತು ಫುಗಡಿ ತಿರುಗಿಸಿದಳು. ಒಂದೇ ಸುತ್ತು. ಆ ಒಂದು ಸುತ್ತಿಗೆ ಎಷ್ಟು ದುಡ್ಡಾದರೂ ಕೊಡುತ್ತೇನೆ.

ಕಾಫಿ_ಬಟ್ಟಲು

ಅರ್ಥ ಆಯ್ತು ಅಕ್ಕ. ನನ್ನ ಪ್ರಶ್ನೆಗೆ ಇದಕ್ಕಿಂತ ಉತ್ತರ ಬೇಡ.

ಪಡುವಣ_ಗಾಳಿ

ಜೋಕಾಲಿ ಅಕ್ಕ, ಅಮ್ಮನಿಗೆ ನಮಸ್ಕಾರ ಹೇಳಿ.

ರಾಗಿಮುದ್ದೆ_ರಾತ್ರಿ

ವಿಷಯ ಬೇರೆ, ಕ್ಷಮಿಸಿ. ಅಮೆರಿಕದ ಸ್ವಿಚ್ ಚಾರ್ಜರ್ ನಮ್ಮ 230 ವೋಲ್ಟ್‌ಗೆ ಹಾಕಬಹುದಾ?

ಜರ್ಸಿ_ಜೋಳದರೊಟ್ಟಿ

ಹಾಕಬಹುದು, ಅದು 100ರಿಂದ 240ರವರೆಗೂ ತಡೆಯುತ್ತದೆ. ಪಿನ್ ಮಾತ್ರ ಚಪ್ಪಟೆ, ಒಂದು ಕನ್ವರ್ಟರ್ ಪಿನ್ ತಗೊಳ್ಳಿ. ಹಳೇ ಅಮೆರಿಕದ ವೀ ಮಾತ್ರ ನೇರ ಹಾಕಬೇಡಿ, ಅದರ ಅಡಾಪ್ಟರ್ 120 ವೋಲ್ಟಿನದು.

ಬಳ್ಳಾರಿ_ಬಿಸಿಲು

ಎರಡನೇ ಮಹಡಿ ಅಕ್ಕ, ಭಾನುವಾರ ಏನಾಯಿತು ಹೇಳಿ. ಕಾಯುತ್ತಿದ್ದೇವೆ.

ಎರಡನೇ_ಮಹಡಿ

ಹೇಳುತ್ತೇನೆ. ಶನಿವಾರ ಕೆಳಗಿನ ಮನೆಗೆ ಹೋಗಿ 6ರಿಂದ 7 ಅಂತ ಮಾತಾಡಿ ಬಂದೆ. ಅವರ ಮನೆಯಲ್ಲಿ ಪಿಯುಸಿ ಓದುವ ಹುಡುಗ ಇದ್ದಾನೆ, ಅವನ ಟ್ಯೂಷನ್ ಸಮಯವೂ ಅದೇ. ಸಲೀಸಾಯಿತು. ಫೋಮ್ ಹಾಸು ತಂದೆವು. ಸೌಂಡ್‌ಬಾರ್ ತೆಗೆದೆವು.

ಭಾನುವಾರ ಸಂಜೆ ಮಾವನವರು ಎಲ್ಲೂ ಹೋಗಲಿಲ್ಲ. ಬೇಕಂತಲೇ ನಾನು ಹಾಗೆ ನೋಡಿಕೊಂಡೆ. ಅವರು ಮೂಲೆಯ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತರು. ಅತ್ತೆ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಮಗಳು ಹೋಗಿ "ಅಜ್ಜಿ, ಜೋಡಿ ಇಲ್ಲದೆ ನನ್ನ ಅಂಕ ಲೆಕ್ಕಕ್ಕೆ ಬರಲ್ಲ, ಬನ್ನಿ" ಅಂತ ಕೈ ಹಿಡಿದು ಕರೆದುಕೊಂಡು ಬಂದಳು. ಕುರ್ಚಿ ಹಾಕಿದ್ದೆವು, ಕೂತರು. ಮೊದಲ ಹಾಡಿಗೆ ಕೈ ಹೊಟ್ಟೆಯ ಮಟ್ಟಕ್ಕಿಂತ ಮೇಲೆ ಏಳಲೇ ಇಲ್ಲ. 2 ಸ್ಟಾರ್.

ಎರಡನೇ ಹಾಡಿನ ಮಧ್ಯದಲ್ಲಿ ಎದ್ದು ನಿಂತರು. ರಿಮೋಟ್ ಅದ್ಯಾವಾಗಲೋ ಎಡಗೈಗೆ ಹೋಗಿತ್ತು. ನಾವ್ಯಾರೂ ನೋಡಿರಲಿಲ್ಲ. ಪೇಪರ್ ಹಿಂದಿನಿಂದ ಮಾವನವರ ದನಿ ಬಂತು: "ಎಡಗೈ ಅಲ್ಲ ಕಣೆ, ಬಲಗೈ. ಗ್ಲೌಸ್ ನೋಡು."

ಅತ್ತೆ ತಿರುಗಿ ನೋಡಲಿಲ್ಲ. ರಿಮೋಟ್ ಬಲಗೈಗೆ ಬದಲಾಯಿಸಿಕೊಂಡು ಕುಣಿದರು. ಒಟ್ಟು ಐದು ಹಾಡು.

ಕೊಬ್ಬರಿ_ಮಿಠಾಯಿ

ಗ್ಲೌಸ್ ವಿಷಯ ಮಾವನವರಿಗೆ ಹೇಗೆ ಗೊತ್ತು??

ಎರಡನೇ_ಮಹಡಿ

ಮಗಳಿಗೆ ನಾನು ಹೇಳುವಾಗ ಅಲ್ಲೇ ಕೂತು ಪೇಪರ್ ಓದುತ್ತಿದ್ದರು.

ಹುಬ್ಬಳ್ಳಿ_ಗಿರಮಿಟ್

ಅವರ ಕೈಗೂ ಒಂದು ರಿಮೋಟ್ ಕೊಡ್ರಿ ಅಕ್ಕಾರ!

ಎರಡನೇ_ಮಹಡಿ

ಕೊಟ್ಟೆ. ಬೇಡ ಅಂದರು. "ಮೊದಲು ಅವಳ ಕೈ ದಾರ ಸರಿ ಮಾಡು, ಬಳೆಗೆ ಸಿಕ್ಕಿಕೊಂಡಿದೆ" ಅಂದರು.